ಐದು ನಿಮಿಷದ ಪೇಷೆಂಟು

"ಮುಗೀತಾ ನಿನ್ನ ಭಾಷಣ? ಹಂಗಾರೆ ನಾನು ಮನೆಗೋಯ್ತೀನಿ" ಎಂದು ಅಂಜಿನಮ್ಮ ಬೆಂಚಿನಿಂದ ಎದ್ದೇಬಿಟ್ಟಳು.

ಮಾಲಿನಿ ಪೆಚ್ಚಾಗಿ ಮೊಬೈಲು ನೋಡಿದಳು. ಇನ್ನೂ ಎರಡು ನಿಮಿಷ ಬಾಕಿ ಇತ್ತು.

ತರೀಕೆರೆ ಬಸ್‌ಸ್ಟ್ಯಾಂಡಿನ ಹಿಂದಿನ ಈ ನರ್ಸಿಂಗ್ ಹೋಮಿನಲ್ಲಿ ಮಾಲಿನಿ ನರ್ಸು, ಅಂಜಿನಮ್ಮ ಆಯಾ. ಹೊರದೇಶದ ಕೆಲಸಕ್ಕೆಂದು ನರ್ಸುಗಳು ಬರೆಯುವ ಇಂಗ್ಲಿಷ್ ಪರೀಕ್ಷೆಯಲ್ಲಿ ಮಾಲಿನಿ ಓದು, ಬರಹ, ಕೇಳುವುದು ಮೂರನ್ನೂ ದಾಟಿ ಮಾತಿನಲ್ಲಿ ಮುಗ್ಗರಿಸಿದ್ದಳು. ಸೋಮವಾರ ಎರಡನೇ ಸಲ. ಅದೂ ಹೋದರೆ ಅಲ್ಲಿ ಅವಳಿಗೆಂದು ಕಾದಿಟ್ಟ ಕೆಲಸ ಬೇರೆಯವರ ಪಾಲು. ಹಾಗಾಗಿ ಊಟದ ಬಿಡುವಿನಲ್ಲಿ ಈ ತಾಲೀಮು.

ಒಬ್ಬರು ಪೇಷೆಂಟಾಗಿ ಕೂರುತ್ತಾರೆ. ನರ್ಸಿಗೊಂದು ಕಾರ್ಡು, ಪೇಷೆಂಟಿಗೊಂದು ಕಾರ್ಡು. ಓದಿಕೊಳ್ಳಲು ಮೂರು ನಿಮಿಷ, ಮಾತಿಗೆ ಐದು. ಪೇಷೆಂಟಿನ ಕಾರ್ಡಿನಲ್ಲಿ ಏನಿದೆಯೋ ನರ್ಸಿಗೆ ತೋರಿಸುವುದಿಲ್ಲ. ಇಷ್ಟು ಕೇಳಿದ್ದೇ ತಡ, ಕೋಚಿಂಗಿನವರು ಮೂರು ತಿಂಗಳಲ್ಲಿ ಹೇಳಿಕೊಡದ್ದು ಅಂಜಿನಮ್ಮನಿಗೆ ಹೊಳೆದುಬಿಟ್ಟಿತು.

"ಪೇಷೆಂಟು ಏನೋ ಬಚ್ಚಿಟ್ಕಂಡು ಕೂತವ್ಳೆ ಅಂದಂಗಾಯ್ತು. ನೀನು ಬಾಯಿ ಮುಚ್ಚಿದ್ರೆ ತಾನೇ ಅದು ಆಚೆಗೆ ಬರೋದು?"

ಅಕ್ಷರ ಬಾರದ ಹೆಂಗಸು! ಮಾಲಿನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅಭಿಮಾನ ಉಕ್ಕಿತು.

"ಕೂತ್ಕಳಿ ಅಂಜಿನಮ್ಮ. ಇನ್ನೊಂದ್ಸಲ."

ಇವತ್ತಿನ ಕಾರ್ಡು ತಂಬಾಕು ಬಿಡಿಸುವುದು. ಅಂಜಿನಮ್ಮ ಸೆರಗು ಹೊದ್ದು, ಮುಖ ಹಿಂಡಿ, ಕೆಮ್ಮಿ ಅಪ್ಪಟ ಪೇಷೆಂಟಾದಳು. ಮಾಲಿನಿ ಈ ಸಲ ಉಪದೇಶ ಶುರುಮಾಡಲಿಲ್ಲ. "ನಿಮಗೆ ಯಾವುದರ ಚಿಂತೆ?" ಎಂದು ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ ಕೇಳಿ ಸುಮ್ಮನಾದಳು. ಹೊರಗೆ ಶಿವನಿ ಬಸ್ಸು ಹೊರಟ ಸದ್ದು ಕೇಳಿಸಿತು. ಆದರೂ ಅವಳು ತುಟಿ ಬಿಚ್ಚಲಿಲ್ಲ.

ಅಂಜಿನಮ್ಮನ ಕೆಮ್ಮು ನಿಂತಿತು.

"ಹೊಗೆಸೊಪ್ಪು ಬಿಟ್ಟು ಎಲ್ಡು ತಿಂಗ್ಳಾಯ್ತು. ಕೆನ್ನೆ ಒಳಗೊಂದು ಹುಣ್ಣು ಆಗೈತೆ. ಮಾಯ್ತಾನೇ ಇಲ್ಲ. ಬಿಸಿ ಸಾರು ತಾಕಿದ್ರೆ ಜೀವ ಹೋಯ್ತದೆ. ಡಾಕ್ಟ್ರು ಏನಂದ್ಬಿಡ್ತಾರೋ ಅಂತ ಯಾರ್ಗೂ ಹೇಳಿಲ್ಲ."

ಎಂಥ ನಟನೆ ಎಂದುಕೊಂಡಳು ಮಾಲಿನಿ. "ಇದೂ ಕಾರ್ಡಲ್ಲೈತಾ?" ಎಂದಳು, ಅವಳಿಗೆ ಓದು ಬಾರದೆಂಬುದನ್ನೇ ಮರೆತು.

"ಯಾವ ಕಾರ್ಡು ಕಣವ್ವಾ. ನಂಗೆ ಓದಕ್ಕೆ ಬತ್ತದಾ?"

ಮಾಲಿನಿ ಎದ್ದು ಟಾರ್ಚು ತಂದಳು. ಬಾಯಿ ತೆಗೆಸಿ ನೋಡಿದಳು. ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

ನಾಲ್ಕಕ್ಕೆ ಡಾಕ್ಟರು ಬಂದಾಗ, ಇಪ್ಪತ್ತಾರು ವರ್ಷ ಊರವರನ್ನೆಲ್ಲ ಕೂರಿಸಿ ಧೈರ್ಯ ಹೇಳಿದ, ಡಾಕ್ಟರ ಮೇಜಿನ ಪಕ್ಕದ ಆ ಸ್ಟೂಲಿನ ಮೇಲೆ ಅಂಜಿನಮ್ಮ ತಾನೇ ಕೂತಿದ್ದಳು. ಪಕ್ಕದಲ್ಲಿ ನಿಂತ ಮಾಲಿನಿ ಇನ್ನೂ ಅವಳ ಕೈ ಬಿಟ್ಟಿರಲಿಲ್ಲ.