ಮೂಸಬಾರದ ಕಟ್ಟು

ದುಬೈಗೆ ಹೋಗಿದ್ದರೆ ಇಷ್ಟು ಗೋಳಿರಲಿಲ್ಲ. ಅಲ್ಲಿ ಹಿಂದಿ ನಡೆಯುತ್ತದೆ, ಒಮ್ಮೊಮ್ಮೆ ಕನ್ನಡವೂ ನಡೆಯುತ್ತದೆ. ಊದಿನಕಡ್ಡಿ ಮಾರುವವನಿಗೆ ಅಷ್ಟು ಸಾಕು. ಆದರೆ ನನ್ನ ಹೆಂಡತಿ ರಾಜೇಶ್ವರಿ ಮೈಸೂರಿನಲ್ಲಿ ದೇವಿಯ ಮುಂದೆ ಕುಳಿತು ಹೂವಿನ ಪ್ರಸಾದ ಕೇಳಿದಳು. ದುಬೈ ಎಂದಾಗ ಎಡಗಡೆಯ ಹೂವು ಬಿತ್ತು, ಟೊರಾಂಟೊ ಎಂದಾಗ ಬಲಗಡೆಯದು. ಅಲ್ಲಿಗೆ ಅಪ್ಪಣೆಯಾಯಿತು. ನನಗೆ ಊರು ಗೊತ್ತುಮಾಡಿಟ್ಟು ತಾನು ಜನವರಿಯಲ್ಲಿ ದೇವಿಯ ಪಾದ ಸೇರಿದಳು.

ಅದಕ್ಕೆ ಮುಂಚೆ ಹನ್ನೊಂದು ಕಡ್ಡಿಗಳನ್ನು ಕೈಯಾರೆ ಹೊಸೆದು ಹಳದಿ ದಾರದಲ್ಲಿ ಕಟ್ಟಿಟ್ಟಿದ್ದಳು. ವ್ಯಾಪಾರ ಕುದುರಲಿ ಎಂದು ಹೊತ್ತ ಹರಕೆ. ಟೊರಾಂಟೊದ ದೇವಸ್ಥಾನದಲ್ಲಿ ಹಚ್ಚಬೇಕು. ದೇವರಿಗೆ ಮುಡಿಪಿಟ್ಟದ್ದನ್ನು ನಮ್ಮಲ್ಲಿ ಯಾರೂ ಮೂಸುವುದಿಲ್ಲ. ನಾನೂ ಮೂಸಿರಲಿಲ್ಲ.

೨೦೧೨ರ ಏಪ್ರಿಲ್‌ನಲ್ಲಿ, ಟೊರಾಂಟೊ ಪಕ್ಕದ ಮಿಲ್ಟನ್ನಿನಲ್ಲಿರುವ ನನ್ನ ತಮ್ಮನ ಮೊಮ್ಮಗಳು ತನ್ವಿ ತನ್ನ ಕಾರಿನಲ್ಲಿ ನನ್ನನ್ನು ಅಲ್ಲೇ ಹತ್ತಿರದ ಬೋಲ್ಟನ್ನಿಗೆ ಕರೆದುಕೊಂಡು ಹೋದಳು. ಅಲ್ಲಿಯ ಉಗ್ರಾಣವೊಂದರ ಒಡತಿ ರೋಸಾ ಎಂಬಾಕೆ ಸುಗಂಧದ ಸರಕನ್ನು ಅಂಗಡಿಗಳಿಗೆ ಹಂಚುವವಳು. ಆಕೆ ಒಪ್ಪದಿದ್ದರೆ ಮೈಸೂರಿನ ನಮ್ಮ ಊದಿನಕಡ್ಡಿ ಕಾರ್ಖಾನೆ ಮುಚ್ಚಬೇಕಿತ್ತು. ಮೂವತ್ತು ವರ್ಷ ಇಂಗ್ಲಿಷಿನಲ್ಲಿ ವ್ಯಾಪಾರದ ಕಾಗದ ಬರೆದವನು ನಾನು. ಆಕೆ ಬಾಯಿ ತೆರೆದರೆ ಒಂದು ಮಾತೂ ಕಿವಿಗೆ ಹತ್ತಲಿಲ್ಲ.

"ಏನಂತಾಳೆ?"

"ಜರ್ನಿ ಹೇಗಿತ್ತು ಅಂತ, ತಾತ."

"ಅಷ್ಟಕ್ಕೆ ಇಷ್ಟುದ್ದ ಮಾತೇನೆ?"

"ಅವರ ನಾಯಿ ಬಗ್ಗೆನೂ ಹೇಳಿದ್ರು. ಅದನ್ನ ಸ್ಕಿಪ್ ಮಾಡ್ದೆ."

ನಾನು ಬೆಲೆಪಟ್ಟಿ ಹುಡುಕುತ್ತಿದ್ದೆ. ಅಷ್ಟರಲ್ಲಿ ತನ್ವಿ ನನ್ನ ಚೀಲಕ್ಕೆ ಕೈಹಾಕಿ ಮಾದರಿಯ ಕಟ್ಟುಗಳನ್ನು ಮೇಜಿನ ಮೇಲೆ ಹರಡಿದಳು. ಹಳದಿ ದಾರದ್ದೂ ಅದರಲ್ಲಿ ಸೇರಿತ್ತು. ರೋಸಾ ಅದನ್ನೇ ಎತ್ತಿಕೊಂಡು, ಮೂಗಿಗೆ ಹಿಡಿದು, ಕಣ್ಣುಮುಚ್ಚಿ ಉಸಿರೆಳೆದಳು. ನಾನು ಎದ್ದು ಅವಳ ಕೈಯಿಂದ ಕಿತ್ತುಕೊಂಡೆ.

ಆಕೆ ಕುರ್ಚಿ ಸಮೇತ ಹಿಂದೆ ಸರಿದಳು.

"ತಾತ, ವಾಟ್ ಆರ್ ಯೂ ಡೂಯಿಂಗ್?"

"ಇದು ದೇವರದು ಅಂತ ಹೇಳು. ಮೂಸಿದ್ದು ದೇವರಿಗೆ ಸಲ್ಲಲ್ಲ ಅಂತ ಹೇಳು."

"ಸಲ್ಲಲ್ಲ ಅಂದ್ರೆ?"

"ಆಗಲ್ಲ. ಎಂಜಲಾದ ಹಾಗೆ."

"ಅವರು ನೆಕ್ಲಿಲ್ಲ, ತಾತ. ಜಸ್ಟ್ ಸ್ಮೆಲ್ ಮಾಡಿದ್ರು."

"ನಿಮ್ಮಪ್ಪ ನಿನಗೆ ಏನು ಕಲಿಸಿದಾನೆ?"

"ಡ್ರೈವಿಂಗ್."

ತನ್ವಿ ದೇವರನ್ನೂ ಎಂಜಲನ್ನೂ ಬಿಟ್ಟು, ಇದು ಇವರ ಹೆಂಡತಿ ಮಾಡಿದ್ದು, ಜನವರಿಯಲ್ಲಿ ತೀರಿಕೊಂಡರು ಎಂದಷ್ಟೇ ರೋಸಾಗೆ ಹೇಳಿದಳು. ಅಷ್ಟು ಇಂಗ್ಲಿಷು ನನಗೂ ತಿಳಿಯಿತು. ರೋಸಾ ಕುರ್ಚಿಯನ್ನು ಮತ್ತೆ ಮೇಜಿನ ಹತ್ತಿರ ಎಳೆದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, ಒಂದೊಂದೇ ಮಾತು ಬಿಡಿಸಿ ನಿಧಾನವಾಗಿ ಹೇಳಿದಳು. ಉಳಿದ ಮಾದರಿಗಳಂಥವು ತನ್ನ ಉಗ್ರಾಣದಲ್ಲಿ ಬೇಕಾದಷ್ಟಿವೆ. ಈ ಪರಿಮಳ ಇಲ್ಲ. ಇದನ್ನು ಕಳಿಸುವುದಾದರೆ ಕೊಳ್ಳುತ್ತೇನೆ ಎಂದಳು.

ತನ್ವಿಯ ಮುಖ ಅರಳಿತು. ನನಗೆ ಹಣೆ ಚಚ್ಚಿಕೊಳ್ಳಬೇಕೆನಿಸಿತು. ಇದಕ್ಕೆ ಏನೇನು, ಎಷ್ಟೆಷ್ಟು ಬಿದ್ದಿದೆಯೆಂದು ಯಾರಿಗೆ ಗೊತ್ತು? ದೇವರ ಕಡ್ಡಿಯ ಹಿಟ್ಟನ್ನು ರಾಜೇಶ್ವರಿಯೊಬ್ಬಳೇ ಕಲಸುತ್ತಿದ್ದಳು. ಬರೆದಿಡು ಎಂದರೆ, "ನನ್ನ ಕೈಗೆ ಗೊತ್ತು, ನಿಮಗ್ಯಾಕೆ?" ಎನ್ನುತ್ತಿದ್ದಳು. ಊರು ತಾನೇ ಆರಿಸಿದಳು, ಹರಕೆ ತಾನೇ ಹೊತ್ತಳು. ಒಂದು ಚೀಟಿ ಬರೆದಿಡಲು ಮಾತ್ರ ಅವಳಿಗೆ ಪುರುಸೊತ್ತಾಗಲಿಲ್ಲ. ಹದಿನೈದು ದಿನ ಗಡುವು ಕೇಳಿ ಹೊರಗೆ ಬಂದೆ.

ಕಾರಿನಲ್ಲಿ ಕುಳಿತು ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡೆ. ಇನ್ನು ಇದು ದೇವರಿಗೆ ಸಲ್ಲದು. ಹರಕೆಗೆ ಬೇರೆ ಕಡ್ಡಿ ಹಚ್ಚಿ ತಪ್ಪುಕಾಣಿಕೆ ಇಡಬೇಕು. ಮೂಗಿಗೆ ಹಿಡಿದೆ. ದವನ ಇತ್ತು. ಹಾಲುಮಡ್ಡಿಯ ಅಂಟು, ಸ್ವಲ್ಪ ಕಚೋರದ ಗೆಡ್ಡೆ. ಅವುಗಳ ಹಿಂದೆ ಇನ್ನೊಂದಿತ್ತು. ನಲವತ್ತು ವರ್ಷ ಅವಳ ಸೆರಗಿನಲ್ಲಿ ಇದ್ದದ್ದು. ಹೆಸರು ಮಾತ್ರ ಹೊಳೆಯಲಿಲ್ಲ.

"ತಾತ, ಸ್ಟಾರ್ಟ್ ಮಾಡ್ಲಾ?"

"ಇರು. ಪೆನ್ನಿದ್ರೆ ಕೊಡು."

ರೋಸಾ ಕೊಟ್ಟ ಕಾರ್ಡಿನ ಹಿಂಬದಿಯಲ್ಲಿ ಮೂರು ಹೆಸರು ಬರೆದೆ. ನಾಲ್ಕನೆಯದಕ್ಕೆ ಜಾಗ ಬಿಟ್ಟು, ಕಟ್ಟನ್ನು ತನ್ವಿಯ ಮುಂದೆ ಹಿಡಿದೆ.

"ನನ್ನ ಮೂಗಿಗೆ ವಯಸ್ಸಾಯ್ತು. ನೀನು ಮೂಸಿ ನೋಡು. ಇಂಗ್ಲಿಷಲ್ಲಾದರೂ ಹೇಳು."