ಮೈನಸ್ ಹದಿನೈದು

ಬಾಯ್ಲರಿಗೆ ಬೆಂಕಿ ಹಾಕುವ ಪೂಜೆಯ ದಿನ ಆ ಸಕ್ಕರೆ ಕಾರ್ಖಾನೆಯಲ್ಲಿ ತೆಂಗಿನಕಾಯಿ ತಪ್ಪಿಸಿಕೊಂಡ ಯಂತ್ರವೇ ಇರಲಿಲ್ಲ. ಗಾಣಕ್ಕೊಂದು, ಪಂಪಿಗೊಂದು, ಕಂಪ್ಯೂಟರಿಗೂ ಒಂದು. ಎರಡನೇ ಗಾಣದ ಹಬೆ ಪೈಪಿನ ಮೇಲೆ ಒತ್ತಡ ಅಳೆಯುವ ಸೆನ್ಸರಿತ್ತಲ್ಲ, ಅದರ ಪಾಲಿನ ಕಾಯಿಯನ್ನು ವಿಕ್ರಾಂತ ಸಾಹೇಬರು ತಂತಿಗಳು ಕೂಡುವ ಡಬ್ಬಿಯ ಅಂಚಿಗೇ ಕುಟ್ಟಿ ಒಡೆದರು. ನೀರನ್ನು ಭಕ್ತಿಯಿಂದ ಅದರ ಮೇಲೆಯೇ ಬಿಟ್ಟರು. ಮುಚ್ಚಳಕ್ಕೆ ಸ್ಕ್ರೂ ಇರಲಿಲ್ಲ, ನೀರು ಒಳಗಿಳಿಯಿತು. ಪಕ್ಕದ ಹಳೇ ಒತ್ತಡದ ಮೀಟರಿನ ಗಾಜಿಗೆ ಮುಷ್ಟಿ ಭಂಡಾರದ ಅರಿಶಿನ ಬಿತ್ತು. ಅದರ ಮುಳ್ಳು ಮೊದಲೇ ಒಂದೇ ಕಡೆ ಸಿಕ್ಕಿಕೊಂಡಿತ್ತು, ಈಗ ಕಾಣದಂತೆಯೂ ಆಯಿತು.

ಉಜ್ವಲಾ ಆ ವರ್ಷವಷ್ಟೇ ಡಿಪ್ಲೊಮಾ ಮುಗಿಸಿ ವಿಕ್ರಾಂತರ ಕೈಕೆಳಗೆ ಕೆಲಸಕ್ಕೆ ಸೇರಿದವಳು. ರಾಯಬಾಗದಿಂದ ಬಸ್ಸಿನಲ್ಲಿ ಬರುವಾಗ ಕಿಟಕಿಯಾಚೆಯ ಕಬ್ಬಿನಲ್ಲಿ ಅಜ್ಜಿಯ ಕಥೆಯ ರಾಜಕುಮಾರಿಯರು ಕಾಣುತ್ತಿದ್ದರು. ಗೇಟು ದಾಟಿದೊಡನೆ ಕಾಕಂಬಿಯ ಹುಳಿ ನಾತ ಬಂದು ಅವರನ್ನೆಲ್ಲ ಓಡಿಸುತ್ತಿತ್ತು.

ಪೂಜೆಯಾಗಿ ವಾರ ಕಳೆದಿರಲಿಲ್ಲ, ಆ ಪೈಪಿನ ಒತ್ತಡ ಪರದೆಯ ಮೇಲೆ ಕೆಂಪಗೆ ‘-15’ ಎಂದು ಮಿನುಗತೊಡಗಿತು.

“ತಂತಿ ಕಡದೈತ್ರಿ ಸರ್,” ಎಂದಳು ಉಜ್ವಲಾ.

ವಿಕ್ರಾಂತರ ಬಾಯಿತುಂಬ ಗುಟಖಾ. ಕಸದ ಬುಟ್ಟಿಗೆ ಉಗುಳಿ, ತುಟಿ ಒರೆಸಿದ ಬೆರಳನ್ನೇ ಕೀಬೋರ್ಡಿನ ಮೇಲಿಟ್ಟರು. “ಅಗ ಉಜ್ವಲಾ, ನಾಳೆ ಅಧ್ಯಕ್ಷರು ಬರೂದೈತಿ. ಹಂಗಾಮದ ಮೊದಲಿಗೇ ಮೈನಸ್ ಅಂದ್ರ ಲುಕ್ಸಾನ ಅಂತಾರ ಅವ್ರು. ಸೊನ್ನಿಗಿಂತ ಕೆಳಗ ಹೋದ್ರ ಸೊನ್ನೀನ ತೋರಸು ಅಂತ ಪ್ರೋಗ್ರಾಮಿನ್ಯಾಗ ಒಂದ ಸಾಲ ಬರದ ಬಿಡತೀನಿ.”

“ತಂತಿ ಬದಲಿ ಮಾಡಿದ್ರ ತಾನ ಸರಿ ಆಗತೈತಲ್ರಿ.”

“ಆ ಗಾಣ ಎಲ್ಲಿ ಸುರು ಆಗೇತಿ? ಆಮ್ಯಾಲ ನೋಡೂಣು. ಟೆನ್ಶನ್ ಘೇಊ ನಕೋ, ತಲಿ ಕೆಡಿಸ್ಕೋಬ್ಯಾಡ.”

ಕೆಂಪು ಹೋಗಿ ಹಸಿರು ಸೊನ್ನೆ ಬಂತು. ಕೀಲಿಗಳ ನಡುವೆ ಕಂದು ಜೊಲ್ಲು ಇಳಿಯುತ್ತಿತ್ತು.

ಸೆನ್ಸರಿನ ಲೆಕ್ಕ ಅವಳ ತಲೆಗೆ ಹತ್ತಿದ್ದೇ ಅಜ್ಜಿ ಸತ್ತೆವ್ವನ ಕಥೆಯಿಂದ. ಒತ್ತಡವೇ ಇಲ್ಲದಾಗಲೂ ಸೆನ್ಸರು ನಾಲ್ಕು ಮಿಲಿ ಆಂಪಿಯರ್ ಕರೆಂಟು ಕಳಿಸುತ್ತದೆ. ಅರವತ್ತು ಕೇಜಿ ಒತ್ತಡ ತುಂಬಿದರೆ ಇಪ್ಪತ್ತು. ಬಂದದ್ದರಲ್ಲಿ ನಾಲ್ಕು ಕಳೆದು, ಹದಿನಾರರಿಂದ ಭಾಗಿಸಿ, ಅರವತ್ತರಿಂದ ಗುಣಿಸಿದರೆ ಒತ್ತಡ. ಆ ನಾಲ್ಕು ಯಾಕೆ ಎಂದು ಕ್ಲಾಸಿನಲ್ಲಿ ಯಾರೂ ಕೇಳಲಿಲ್ಲ, ಬಾಯಿಪಾಠ ಮಾಡಿದರು. ಅವಳಿಗೆ ಅಜ್ಜಿಯ ರಾಕ್ಷಸ ನೆನಪಾಗಿದ್ದ. ಮಲಗಿದ್ದರೂ ಅವನ ಉಸಿರು ಕೇಳುತ್ತಿರಬೇಕು. ಕೇಳದೇ ಹೋದರೆ ಸತ್ತನೆಂದು ಹತ್ತಿರ ಹೋಗಬಾರದು, ಉಸಿರು ಬಿಗಿಹಿಡಿದು ಕಾಯುತ್ತಿರಬಹುದು. ತಂತಿ ಕಡಿದರೆ ಕರೆಂಟೇ ಇಲ್ಲ, ಲೆಕ್ಕ ಮೈನಸ್ ಹದಿನೈದಕ್ಕೆ ಇಳಿಯುತ್ತದೆ. ಪೈಪಿನ ಸ್ಥಿತಿ ತನಗೆ ಗೊತ್ತಿಲ್ಲ ಎಂದು ಯಂತ್ರ ಕೂಗುವ ಬಗೆ ಅದು. ಸಾಹೇಬರು ಆ ಬಾಯಿಗೆ ಬಟ್ಟೆ ತುರುಕಿದ್ದರು.

ಎರಡನೇ ಗಾಣದ ಪರೀಕ್ಷೆಯೂ ಬಂತು. ಬೆಳಿಗ್ಗೆ ಪರದೆಯತ್ತ ಯಾರೂ ನೋಡದೆ ಪೈಪಿಗೆ ಹಬೆ ಬಿಟ್ಟರು. ಜೋಡಣೆಯಲ್ಲಿ ನೀರು ತೊಟ್ಟಿಕ್ಕಿತು. ವಾಲ್ವ್ ಮುಚ್ಚಿ ಫಿಟರ್ ಕಾಮಣ್ಣನನ್ನು ಕಳಿಸಿದರು. ಊಟ ಮುಗಿಸಿ ಬಂದ ಉಜ್ವಲಾ ನೋಡುತ್ತಾಳೆ, ಕಾಮಣ್ಣ ನಟ್ಟು ಬಿಚ್ಚುವ ಪಾನಾ ಹಿಡಿದು ಪೈಪಿನೆದುರು ಕುಕ್ಕರಗಾಲಲ್ಲಿ ಕೂತಿದ್ದಾನೆ. ಪಕ್ಕದ ಗೋಡೆಯ ಪರದೆಯಲ್ಲೂ ಅದೇ ಹಸಿರು ಸೊನ್ನೆ.

“ಕಾಮಣ್ಣ ಕಾಕಾ, ಕೈ ಹಚ್ಚಬ್ಯಾಡ್ರಿ!”

“ಯಾಕಬೇ? ಸೊನ್ನಿ ಐತಲ್ಲ.”

“ಆ ಸೊನ್ನಿ ಸುಳ್ಳೈತ್ರಿ!”

ಪಕ್ಕದಲ್ಲೇ ನಿಂತಿದ್ದ ವಿಕ್ರಾಂತರು ನಕ್ಕರು. “ಕನಸ ಬಿದ್ದಿರಬೇಕ ಇಕೀಗಿ. ವಾಲ್ವ್ ಮುಚ್ಚಿ ತಾಸಾತು. ಬಿಚ್ಚೋ ಕಾಮಣ್ಣ.”

ಉಜ್ವಲಾ ನೇರ ಸೆನ್ಸರಿನ ಬಳಿ ಹೋದಳು. ಡಬ್ಬಿಯ ಮುಚ್ಚಳ ಎತ್ತಿದಳು. ಹಳಸಿದ ಕಾಯಿನೀರಿನ ವಾಸನೆ ಗಪ್ಪೆಂದು ಮುಖಕ್ಕೆ ಹೊಡೆಯಿತು. ಒಳಗೆ ಬೂಸ್ಟು, ಲೋಳೆ, ಅದರಲ್ಲಿ ಸತ್ತು ಅಂಟಿದ ಜಿರಲೆ. ಒಂದು ತಂತಿ ಹಸಿರು ಕಿಲುಬು ಹಿಡಿದು ಸ್ಕ್ರೂವಿನಿಂದ ಕಳಚಿ ಬಿದ್ದಿತ್ತು. ಕಿಸೆಯಿಂದ ಕರೆಂಟು ಅಳೆಯುವ ಮೀಟರು ತೆಗೆದು, ಅದರ ಒಂದು ಮೊನೆಯನ್ನು ತಂತಿಗೂ ಇನ್ನೊಂದನ್ನು ಸ್ಕ್ರೂವಿಗೂ ಒತ್ತಿ ಹಿಡಿದಳು. ಕರೆಂಟಿನ ಕಡಿದ ದಾರಿ ಮೀಟರಿನ ಮೂಲಕ ಕೂಡಿತು.

“ಆರ ಪಾಯಿಂಟ ಒಂದ. ನಾಕ ಕಳದ್ರ ಎರಡ ಪಾಯಿಂಟ ಒಂದ. ಹದಿನಾರಲೇ ಭಾಗಿಸಿ ಅರವತ್ತಲೇ ಗುಣಿಸ್ರಿ ಸರ್. ಹತ್ರ ಹತ್ರ ಎಂಟ ಕೇಜಿ ಒತ್ತಡದ ಹಬಿ ಐತಿ ಇದರಾಗ. ವಾಲ್ವ್ ಒಳಗಿಂದೊಳಗ ಸೋರಾಕತ್ತೈತಿ.”

ಗೋಡೆಯ ಪರದೆಯೂ ಸೊನ್ನೆ ಬಿಟ್ಟು ಏಳು ಪಾಯಿಂಟ್ ಒಂಬತ್ತಕ್ಕೆ ಏರಿ ನಿಂತಿತು.

ಕಾಮಣ್ಣ ಪರದೆ ನೋಡಿದ, ತನ್ನ ಕೈ ನೋಡಿಕೊಂಡ. ಮೊದಲನೇ ನಟ್ಟು ಆಗಲೇ ಅರ್ಧ ಸುತ್ತು ಸಡಿಲಾಗಿತ್ತು. ಅದನ್ನು ಮೆಲ್ಲಗೆ ಬಿಗಿದು, ಹಿಂದಕ್ಕೆ ಸರಿದು, ಗೋಡೆಗೆ ಒರಗಿದ.

“ಮತ್ತ ಆ ಸೊನ್ನಿ ಯಾರ ಬರದಿದ್ರು?”

“ಸೆನ್ಸರ್ ಖರಾಬ ಆಗಿರಬೇಕೋ ಕಾಮಣ್ಣ. ಮಷೀನಂದ್ರ ಹಂಗ,” ವಿಕ್ರಾಂತರು ಇನ್ನೊಂದು ಗುಟಖಾ ಪೊಟ್ಟಣ ಹರಿದು ಬಾಯಿಗೆ ಸುರಿದುಕೊಂಡರು.

ಜಿರಲೆಯ ಡಬ್ಬಿಗಿಂತ ಆ ಬಾಯಿಯೇ ಉಜ್ವಲಾಳಿಗೆ ಹೇಸಿಗೆಯೆನಿಸಿತು. “ಮಷೀನ್ ಖರೇನ ಹೇಳಿತ್ತ ಕಾಕಾ. ಅಧ್ಯಕ್ಷರಿಗೆ ಮೈನಸ್ ಕಾಣಬಾರದಂತ ಸರ್ ಸೊನ್ನಿ ಬರದ್ರು. ನಾ ಬಾಜೂಕ ನಿಂತ ನೋಡೀನಿ.”

ಹಾಗೆಂದು ಮೀಟರಿನ ಮೊನೆಗಳನ್ನು ತೆಗೆದಳು. ದಾರಿ ಮತ್ತೆ ಕಡಿಯಿತು. ಒಳಗೆ ಹಬೆ ತುಂಬಿದ ಪೈಪಿನ ಪಕ್ಕದಲ್ಲಿ ಪರದೆ ಹಸಿರಾಗಿ ಸೊನ್ನೆ ತೋರಿತು.

ಕಾಮಣ್ಣ ಅದನ್ನೇ ನೋಡುತ್ತ ನಿಂತ. ಆಮೇಲೆ ಮುಂದೆ ಬಂದು ಪಾನಾವನ್ನು ವಿಕ್ರಾಂತರ ಎದೆಯ ಮಟ್ಟಕ್ಕೆ ಹಿಡಿದ.

“ಸಾಯೇಬ್ರ, ಸೊನ್ನಿ ಬಂತ್ರಿ. ತಗೋರಿ. ಮೊದಲನೇ ನಟ್ಟ ನೀವ ಬಿಚ್ರಿ.”

ವಿಕ್ರಾಂತರ ದವಡೆ ನಿಂತಿತು. ತುಟಿಯ ಮೂಲೆಯಿಂದ ಕೆಂಪು ರಸ ಇಳಿದು ಅಂಗಿಯ ಮೇಲೆ ಬಿತ್ತು. ಒರೆಸಲಿಕ್ಕೂ ಅವರ ಕೈ ಕಿಸೆಯಿಂದ ಹೊರಗೆ ಬರಲಿಲ್ಲ.