ದನಿ ನುಂಗುವ ಪೆಟ್ಟಿಗೆ

ಪೆಟ್ಟಿಗೆ ಮತ್ತೆ ಕೈಕೊಟ್ಟಿತು. ಆಕ್ಲೆಂಡಿನಿಂದ ಚೆನ್ನಾಗಿಯೇ ಕೇಳಿಬರುತ್ತಿದ್ದ ಲವಿನಿಯಾಳ ದನಿ ಎರಡನೇ ಸಾಲಿನ ನಡುವೆ ಗಕ್ಕನೆ ನಿಂತಿತು. ಚಾಪೆಗಳ ಮೇಲೆ ಸಾಲಾಗಿ ಕೂತಿದ್ದ ಗಾಯನವೃಂದ ಬಾಯಿ ತೆರೆದುಕೊಂಡೇ ಕಾಯಿತು.

"ಸೆಮಿಸಿ, ಉಸಿರು ತಗೊಳ್ತಿರೋದು ನಿಮ್ಮಮ್ಮಾನೋ, ನಿನ್ನ ಡಬ್ಬಾನೋ?" ಹಿಂದಿನ ಸಾಲಿನಿಂದ ಮಾಕಾ ಕೇಳಿದ. ಎಲ್ಲರೂ ನಕ್ಕರು.

ಸೆಮಿಸಿಗೆ ನಗು ಬರಲಿಲ್ಲ, ಮೈಯೆಲ್ಲ ಉರಿಯಿತು. ವವಾವು ದ್ವೀಪದ ಈ ಊರಿನ ಚರ್ಚಿಗೆ ಹಾಡು ಕಲಿಸುತ್ತ ಬಂದವಳು ಅವನ ಅಮ್ಮ ಲವಿನಿಯಾ. ಮೂತ್ರಪಿಂಡ ಕೆಟ್ಟ ಮೇಲೆ, ರಕ್ತ ತೊಳೆಯುವ ಯಂತ್ರ ಇಲ್ಲಿಲ್ಲವೆಂದು ಆಕ್ಲೆಂಡಿಗೆ ಹೋಗಿ ಕೂತಿದ್ದಳು. ಅವಳಿಗಾಗಿಯೇ ಅವನು ಈ ಪೆಟ್ಟಿಗೆ ಕಟ್ಟಿದ್ದ: ಲಿನಕ್ಸ್ ಓಡಿಸುವ ಅಂಗೈಯಗಲದ ಬೋರ್ಡು, ಒಂದು ಮೈಕು, ಒಂದು ಸ್ಪೀಕರು. ಶನಿವಾರದ ಅಭ್ಯಾಸದಲ್ಲಿ ಅವಳು ಅಲ್ಲಿಂದ ಒಂದು ಸಾಲು ಹೇಳಿದರೆ ಸಭಾಂಗಣ ಅದನ್ನೇ ತಿರುಗಿ ಹೇಳುತ್ತದೆ. "ಶನಿವಾರ ಒಂದಿನ ನಾನು ರೋಗಿ ಅಲ್ಲ ಕಣೋ," ಅಂದಿದ್ದಳು ಅಮ್ಮ.

ಕಳೆದ ವಾರವೂ ದನಿ ಕಡಿದು ಕಡಿದು ಬಂದಾಗ ಲೇಸಿಯೆಲಿ ಅತ್ತೆ ಕಡ್ಡಿ ಮುರಿದಂತೆ ಹೇಳಿದ್ದರು: "ಮುಂದಿನ ಶನಿವಾರಾನೂ ಹೀಗೇ ಆದ್ರೆ ಮಾಕಾನೇ ಹೇಳಿಕೊಡ್ಲಿ. ನಾವು ಹಾಡಬೇಕಾದ ಚರ್ಚಿನ ವಾರ್ಷಿಕ ಸಭೆ ಹತ್ತಿರ ಬಂತು." ಅತ್ತೆ ಎಂದರೆ ಅಪ್ಪನ ಹಿರಿಯ ಅಕ್ಕ. ಅವರ ಮಾತಿಗೆ ಮನೆತನದಲ್ಲಿ ಎದುರಿಲ್ಲ. ಆ ಮುಂದಿನ ಶನಿವಾರ ಇವತ್ತೇ.

ವಾರವಿಡೀ ಅವನು ಮಾಡದ ಕಸರತ್ತಿಲ್ಲ. ವೈಫೈ ಚಿಪ್ಪು ಕರೆಂಟು ಉಳಿಸಲು ತೂಕಡಿಸುತ್ತದೆಂದು ಗೊತ್ತಾಗಿ ಅದರ ನಿದ್ದೆ ಕೆಡಿಸಿದ. ರೂಟರಿನ ಚಾನೆಲ್ ಬದಲಿಸಿದ. ಅಡಾಪ್ಟರ್ ಸೊರಗಿದೆಯೆಂದು ಬೇರೆಯದನ್ನು ಬೇಡಿ ತಂದ. ಖಾಲಿ ಸಭಾಂಗಣದಲ್ಲಿ ಪೆಟ್ಟಿಗೆ ಮಧ್ಯಾಹ್ನವಿಡೀ ಒಂದು ತೊದಲೂ ಇಲ್ಲದೆ ಹಾಡಿತು. ಜನ ಬಂದು ಕೂತರೆ ಮಾತ್ರ ಅದಕ್ಕೆ ದೆವ್ವ ಹಿಡಿಯುತ್ತಿತ್ತು. ಒಳಗಿನ ದಾಖಲೆ ತೆರೆದು ನೋಡಿದರೆ 'ಸಂಪರ್ಕ ಕಡಿಯಿತು' ಎಂದಿತ್ತು. ಅಷ್ಟು ಹೇಳುವುದಕ್ಕೆ ಲಿನಕ್ಸೇ ಬೇಕಿತ್ತೇ? ಅದನ್ನು ಮಾಕಾನೇ ಹೇಳಿಬಿಡುತ್ತಿದ್ದ.

ಈಗ ಲ್ಯಾಪ್‌ಟಾಪಿನಲ್ಲಿ ಸಿಗ್ನಲಿನ ಅಂಕೆಯನ್ನೇ ದುರುಗುಟ್ಟಿಕೊಂಡು ಕೂತ. ಒಬ್ಬೊಬ್ಬರೇ ಒಳಬಂದಂತೆ ಅದು ಒಂಚೂರು ಕುಸಿದಿತ್ತು. ಅಷ್ಟರಲ್ಲಿ ಅತ್ತೆ ನೀರು ಕುಡಿಯಲು ಎದ್ದು ಜಗಲಿಗೆ ಹೋದರು. ಅಂಕೆ ಚಂಗನೆ ನೆಗೆಯಿತು.

"...ಯಾಕ್ರೋ, ಎಲ್ಲರಿಗೂ ನಾಲಿಗೆ ಬಿದ್ದುಹೋಯ್ತಾ?" ಪೆಟ್ಟಿಗೆಯಿಂದ ಅಮ್ಮ ಬೈಯುತ್ತಿದ್ದಳು.

ಅತ್ತೆ ಮರಳಿ ಬಂದು ತಮ್ಮ ಚಾಪೆಯ ಮೇಲೆ ಕೂತರು. ಅಮ್ಮ ಮಾಯವಾದಳು.

ಸೆಮಿಸಿ ಹಣೆ ಚಚ್ಚಿಕೊಂಡ. ಮನುಷ್ಯನ ಮೈಯೆಂದರೆ ಅರ್ಧಕ್ಕಿಂತ ಹೆಚ್ಚು ನೀರು, ವೈಫೈ ಅಲೆಗಳನ್ನು ಅದು ಕುಡಿದುಬಿಡುತ್ತದೆ. ರೂಟರಿರುವುದು ಅಂಗಳದಾಚೆ ಪಾದ್ರಿಗಳ ಮನೆಯಲ್ಲಿ. ಕಾಂಕ್ರೀಟು ಗೋಡೆಯಲ್ಲಿ ಆ ಕಡೆಗಿರುವುದು ಒಂದೇ ಕಿಟಕಿ, ಅದರಡಿಯ ಗೌರವದ ಚಾಪೆ ಅತ್ತೆಯದು. ಪೆಟ್ಟಿಗೆಯನ್ನು ಅವನು ಅವರ ಮುಂದೆ ನೆಲದ ಮೇಲಿಟ್ಟಿದ್ದ. ಹಿರಿಯರು ಕೂತಲ್ಲಿ ಅವರ ತಲೆಗಿಂತ ಎತ್ತರಕ್ಕೆ ಏನನ್ನೂ ಇಡುವ ಯೋಚನೆಯೇ ಈ ಊರಿನಲ್ಲಿ ಹುಟ್ಟಿದವರಿಗೆ ಬರುವುದಿಲ್ಲ. ಖಾಲಿ ಸಭಾಂಗಣದ ಪರೀಕ್ಷೆಯಲ್ಲಿ ಎಲ್ಲವೂ ಇತ್ತು, ಅತ್ತೆ ಇರಲಿಲ್ಲ.

ರೋಗ ಸಿಕ್ಕಿತು, ಮದ್ದು ಹೇಳುವಂತಿರಲಿಲ್ಲ. ಅವರನ್ನು ಏಳಿ ಅನ್ನುವುದು ಯಾರು? ಅವರ ತಲೆಯ ಮೇಲಿನ ಕಿಟಕಿಯಲ್ಲಿ ಡಬ್ಬ ಇಡುವುದು ಯಾರು? ಸಿಟ್ಟಿಗೆ ಅವನ ಕಣ್ಣಲ್ಲಿ ನೀರೇ ಬಂತು.

"ಏನಾಗಿದೆ ಅಂತ ಗೊತ್ತಾಯ್ತಾ?" ಅತ್ತೆ ಕೇಳಿದರು.

"ಗೊತ್ತಾಯ್ತು ಅತ್ತೆ."

"ಮತ್ತೆ ಹೇಳು."

"ಹೇಳೋಕಾಗಲ್ಲ."

"ಹಾಗಾದ್ರೆ ಮಾಕಾ ಮುಂದೆ ಬರ್ಲಿ."

"ಪೆಟ್ಟಿಗೆ ಎತ್ತರದಲ್ಲಿರಬೇಕು ಅತ್ತೆ," ಅವನು ನೆಲ ನೋಡುತ್ತ ಅಂದ. "ಆ ಕಿಟಕೀಲಿ."

ಎಲ್ಲರ ಕಣ್ಣು ಕಿಟಕಿಗೆ ಹೋಗಿ, ಅಲ್ಲಿಂದ ಅದರಡಿಯ ಬಿಳಿ ತುರುಬಿಗೆ ಇಳಿಯಿತು. ಮಾಕಾ ಕೂಡ ತಲೆ ತಗ್ಗಿಸಿದ.

"ತಾ ಇಲ್ಲಿ." ಅತ್ತೆ ಪೆಟ್ಟಿಗೆ ಇಸಿದುಕೊಂಡು ತಿರುಗಿಸಿ ನೋಡಿದರು. "ಸುಡುತ್ತಾ?"

"ಸ್ವಲ್ಪ ಬೆಚ್ಚಗಿರತ್ತೆ."

"ನನ್ನ ತಲೆ ಮೇಲೆ ಬೇರೆಯವರು ಏನೂ ಇಡೋ ಹಾಗಿಲ್ಲ. ನಾನೇ ಇಟ್ಕೊಂಡ್ರೆ ಕೇಳೋರು ಯಾರು?"

ತುರುಬಿನ ಮೇಲೆ ಅದನ್ನು ಕೂರಿಸಿ ಒಂದು ಕೈಯಿಂದ ಹಿಡಿದುಕೊಂಡರು. ತಂತಿ ಕಿವಿಯ ಪಕ್ಕ ಜೋತಾಡಿತು. ಯಾರೂ ನಗಲಿಲ್ಲ. ಅಂಕೆ ಏರಿತು, ಅಮ್ಮ ಬಂದಳು, ಸಾಲು ಹೇಳಿದಳು. ಸಭಾಂಗಣ ತಿರುಗಿ ಹೇಳಿತು. ದನಿ ಒಮ್ಮೆಯೂ ಕಡಿಯಲಿಲ್ಲ.

"ಅತ್ತಿಗೆ," ತಾನೆಲ್ಲಿ ಕೂತಿದ್ದೇನೆಂದು ತಿಳಿಯದ ಲವಿನಿಯಾ ಆ ತಲೆಯ ಮೇಲಿಂದಲೇ ಗದರಿದಳು, "ನಿಮ್ಮ ಸ್ವರ ಇಳೀತಿದೆ. ಇನ್ನೊಂದು ಸಲ ಹೇಳಿ."

ಕತ್ತು ಅಲುಗಿಸದೆ, ಲೇಸಿಯೆಲಿ ಅತ್ತೆ ಇನ್ನೊಂದು ಸಲ ಹೇಳಿದರು.